ಕರೆಂಟು ಹೋದಾಗ ಮಾಡುವ ಪರೀಕ್ಷೆ

ಮುನ್ನೂರ ಎಂಬತ್ನಾಲ್ಕು ಜನ ಬೇಕು ಎನ್ನುತ್ತದೆ ಸೂತ್ರ.
ಕಿವಿಗಳು ಅದರ ಎರಡರಷ್ಟು.
ಬೆಳಗಾವಿಯ ಗ್ರಂಥಾಲಯದಲ್ಲಿ, ಫ್ಯಾನಿನ ಕೆಳಗೆ,
ಕ್ಯಾಲ್ಕುಲೇಟರು ಒತ್ತಿದಾಗ ಅದೊಂದು ಸಣ್ಣ ಸಂಖ್ಯೆ.
ಬನಹಟ್ಟಿಯಲ್ಲಿ ಬಸ್ಸಿಳಿದ ಮೇಲೆ
ಒಬ್ಬೊಬ್ಬರಿಗೂ ಒಂದು ಹೊಸ್ತಿಲು,
ಹೊಸ್ತಿಲಿಗೊಂದು ಚಹಾ.

"ಕಿವಿ ನೋಡಾಕ ಬಂದೀಯೇನವಾ?"
ನೋಡುವುದಿಲ್ಲ, ಅಳೆಯುತ್ತೇನೆ.
ಸಾರ್ವಜನಿಕ ಆರೋಗ್ಯ, ಎಂ.ಪಿ.ಎಚ್., ಎರಡನೇ ವರ್ಷ.
"ಡಾಕ್ಟರಾ?" ಅಲ್ಲ. "ನರ್ಸಾ?" ಅಲ್ಲ.
"ಮತ್ತ, ಗುಳಗಿ?" ಕೊಡುವುದಿಲ್ಲ.
ಶಂಕರೆವ್ವ ಮೇಲಿಂದ ಕೆಳಗೆ ನೋಡಿ
ನನ್ನ ಕಪ್ಪಿಗೆ ಇನ್ನೊಂದು ಚೂರು ಬೆಲ್ಲ ಹಾಕಿದಳು, ಪಾಪ ಎಂದು.

ಕಷ್ಟ ಒಂದೇ. ಕಿವಿ ಅಳೆಯಲು ಮೌನ ಬೇಕು.
ನಲವತ್ತು ಡೆಸಿಬಲ್ಲಿನೊಳಗೆ, ಎನ್ನುತ್ತದೆ ಯಂತ್ರದ ಜೊತೆ ಬಂದ ಪುಸ್ತಕ.
ಇಲ್ಲಿ ಗೋಡೆಗಳೇ ಖಟಕ್ ಖಟಕ್ ಎನ್ನುತ್ತವೆ,
ತೊಟ್ಟಿಲು ಆ ತಾಳಕ್ಕೇ ತೂಗುತ್ತದೆ,
ಕೊಡದ ನೀರಿನ ಮೇಲೆ ಸಣ್ಣ ಸಣ್ಣ ಉಂಗುರ.
ಜನ ತುಟಿ ನೋಡಿ ಜಗಳಾಡುತ್ತಾರೆ.

ಹಾಗಾಗಿ ಕರೆಂಟು ಹೋಗಲೆಂದು ಕಾಯುತ್ತೇನೆ.
ಲೈನ್‌ಮನ್ ನಂಬರು ನನ್ನ ಮೊಬೈಲಿನಲ್ಲಿದೆ,
ಗೈಡು ಹುಕ್ಕೇರಿ ಸರ್ ನಂಬರಿಗಿಂತ ಮೇಲೆ.
"ಇವತ್ತ ಎಷ್ಟಕ್ಕ ತಗೀತೀರಿ?"
"ಎರಡರಿಂದ ನಾಕ್ರೀ ಮೇಡಂ."
ಖುಷಿಯಾಗುತ್ತದೆ.
ಸೀರೆಗಿಷ್ಟು ಎಂದು ಕೂಲಿ ಎಣಿಸುವ ಓಣಿಯಲ್ಲಿ ನಿಂತು
ಆ ಖುಷಿಯನ್ನು ಎಲ್ಲಿ ಬಚ್ಚಿಡಲಿ?
ಒಪ್ಪಿಗೆ ಪತ್ರದಲ್ಲಿ ನಾನೇ ಬರೆದಿದ್ದೇನೆ:
'ಈ ಅಧ್ಯಯನದಿಂದ ತಮಗೆ ಯಾವುದೇ ನಷ್ಟವಿಲ್ಲ.'

ಎರಡಕ್ಕೆ ಸರಿಯಾಗಿ ಓಣಿ ನಿಂತಿತು,
ಲಾಳಿ ಅರ್ಧ ದಾರಿಯಲ್ಲಿ.
ಆಗ ಕೇಳಿಸಿತು ಊರು:
ಯಾರದೋ ಕೆಮ್ಮು, ಬೇವಿನ ಗುಬ್ಬಿ, ಕುಕ್ಕರು,
ಮಗ್ಗ ನಿಂತರೂ ಒದರಿಯೇ ಮಾತಾಡುವ ಜನ.
ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು ಕೇಳಿದ್ದಳು,
"ಫೋನಲ್ಲಿ ಅಮ್ಮನ ಜೊತೆ ಯಾಕೆ ದಿನಾ ಜಗಳ?"
ಜಗಳವೇನಿಲ್ಲ. ಉಂಡೆಯಾ ಎಂದು ಕೇಳುತ್ತಿದ್ದೆ.
ಅವ್ವನದು ರಬಕವಿ; ಹದಿನೆಂಟು ವರ್ಷ ಕಂಡಿಕೆ ಸುತ್ತಿದವಳು.
ಇದು ಪ್ರಬಂಧದ ಪೀಠಿಕೆಯಲ್ಲಿಲ್ಲ.

ಕ್ರಮಸಂಖ್ಯೆ ಇನ್ನೂರ ಹನ್ನೊಂದು. ಗುರುಪಾದಪ್ಪ ಸೊರಗಾವಿ.
ವಯಸ್ಸು ಅರವತ್ಮೂರು, ಮಗ್ಗದಲ್ಲಿ ನಲವತ್ತಾರು ವರ್ಷ.
ಪ್ರಶ್ನೆ ಹದಿನೇಳು: ಕಿವಿಯೊಳಗೆ ಸದ್ದು ಬರುತ್ತದೆಯೇ?
"ಅದು ಸೂಟಿ ದಿನಾನೂ ನೇಯತೈತಿ, ಪಗಾರ ಅಷ್ಟ ಕೊಡೂದಿಲ್ಲ."
ಟೋಪಿಯ ಮೇಲೆ ಹೆಡ್‌ಫೋನು ಕೂರಲಿಲ್ಲ;
ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು,
ಫೋಟೋಕ್ಕೆ ಕೂತವರ ಹಾಗೆ ಬೆನ್ನು ನೆಟ್ಟಗೆ.
ಸದ್ದು ಕೇಳಿದಾಗ ಗುಂಡಿ ಒತ್ತಿ, ಅಷ್ಟೇ, ಎಂದೆ.

ಸಾವಿರ ಹರ್ಟ್ಸ್: ಒತ್ತಿದರು. ಎರಡು ಸಾವಿರ: ಒತ್ತಿದರು.
ನಾಲ್ಕು ಸಾವಿರ. ಇಲ್ಲಿ ನೇಕಾರರ ಗೆರೆ
ಬಾವಿಗೆ ಬಿಟ್ಟ ಹಗ್ಗದಂತೆ ಇಳಿಯಬೇಕು.
ಒತ್ತಿದರು. ಐದು ಡೆಸಿಬಲ್ಲಿಗೂ.
ಅನುಮಾನ ಬಂದು, ಸದ್ದು ಬಿಡದೆ ಸುಮ್ಮನೆ ಕೂತೆ.
ಒತ್ತಿದರು. ನನ್ನ ಮುಖ ನೋಡಿ ಇನ್ನೊಮ್ಮೆ.

"ಕಾಕಾ, ನಾ ಏನೂ ಹಚ್ಚೇ ಇಲ್ಲಲ್ರೀ."
ತುಟಿ ಓದಿದರು. ನಕ್ಕರು.
"ಪರೀಕ್ಷಾ ನಿಂದಲ್ಲೇನ ತಂಗಿ?
ನನಗ ಕೇಳಲಿಲ್ಲಂದ್ರ ನಿನ್ನ ಮಾರ್ಕ ಹೋಗತಾವ."

ಮತ್ತೆ ಬಿಡಿಸಿ ಹೇಳಿದೆ.
ನಿಮಗೆ ಕೇಳದಿರುವುದೇ ನನಗೆ ಬೇಕಾದದ್ದು ಎಂದೆ.
ಎಂದ ಮೇಲೆ ಆ ಮಾತು ನನಗೇ ಕೇಳಿಸಿತು.

ಎಡಗಿವಿ, ಈ ಸಲ ನಿಜವಾಗಿ: ಎಪ್ಪತ್ತು.
ಬಲಗಿವಿಗೆ ಬರುವಷ್ಟರಲ್ಲಿ, ಮೂರೂ ಇಪ್ಪತ್ತಕ್ಕೇ,
ಕರೆಂಟು ಬಂತು.
ಹೆಡ್‌ಫೋನು ನನ್ನ ಕೈಗಿಟ್ಟು, ಟೋಪಿ ಕೊಡವಿ,
ಲಾಳಿ ನಿಂತಲ್ಲಿಂದಲೇ ಶುರು ಮಾಡಿದರು.

ಅರ್ಧ ತುಂಬಿದ ಸಾಲು ಅಳಿಸಿಬಿಡು, ಎಂದರು ಹುಕ್ಕೇರಿ ಸರ್,
ಬೇರೆ ಯಾರನ್ನಾದರೂ ಸೇರಿಸು, ಲೆಕ್ಕ ಸಾಫ್ ಇರಲಿ.
ಮಾಹಿತಿ ಇಲ್ಲದ ಕಡೆ ತೊಂಬತ್ತೊಂಬತ್ತು ಬರೆಯುವುದು ರೂಢಿ.
ಬರೆದೆ. ಸಾಲು ಉಳಿಸಿದೆ.
ಪಕ್ಕದ ಅಂಕಣದ ಹೆಸರು 'ಷರಾ'.
ಅಲ್ಲಿ ಏನೆಂದು ತುಂಬಲಿ,
ನನ್ನನ್ನು ಪಾಸು ಮಾಡಿಸಲು ನೋಡಿದರು ಎಂದೇ?
ಕರ್ಸರು ಮಿಣುಕುತ್ತಿದೆ. ಅವ್ವನ ಫೋನು.
ಇಡೀ ಹಾಸ್ಟೆಲಿಗೆ ಕೇಳುವ ಹಾಗೆ
ಒದರುತ್ತಿದ್ದೇನೆ: "ಉಂಡೀ ಏನಬೇ?"